ಅಮೆರಿಕದಲ್ಲಿ ಹಳೆಯ ಮನೆ ಕೊಳ್ಳುವವರಿಗೆ: ಇನ್‌ಸ್ಪೆಕ್ಷನ್‌ನಲ್ಲಿ ಚಿಮಣಿ ದೋಷ ಕಂಡರೆ ಏನು ಮಾಡಬೇಕು, ಹಂತ ಹಂತವಾಗಿ

ಚಿಮಣಿ ಎಂದರೆ ನಮ್ಮ ಹಳಬರಿಗೆ ನೆನಪಾಗುವುದು ಸೀಮೆಎಣ್ಣೆ ದೀಪ. ಈಗಿನವರಿಗೆ ಅಡುಗೆಮನೆಯಲ್ಲಿ ಒಗ್ಗರಣೆ ಹೊಗೆ ಎಳೆಯುವ ಯಂತ್ರ. ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟಾಗ ಮೂರನೆಯದೊಂದು ಚಿಮಣಿ ಎದುರಾಗುತ್ತದೆ. ನೆಲಮಾಳಿಗೆಯಿಂದ ಸೂರಿನಾಚೆಯವರೆಗೆ ಇಟ್ಟಿಗೆಯಲ್ಲಿ ಕಟ್ಟಿದ, ಟನ್‌ಗಟ್ಟಲೆ ತೂಗುವ ಗೋಪುರ. ಸೂರು ಸೋರಿದರೆ ಏನಾಗುತ್ತದೆ ಎಂದು ನಮಗೆ ಗೊತ್ತು. ಗೆದ್ದಲು ಹತ್ತಿದರೆ ಏನಾಗುತ್ತದೆ ಎಂದೂ ಗೊತ್ತು. ಚಿಮಣಿ ಕೆಟ್ಟರೆ ಏನಾಗುತ್ತದೆ ಎಂದು ಯಾರೂ ಹೇಳಿಕೊಟ್ಟಿಲ್ಲ.

ನಾನು ನ್ಯೂಜೆರ್ಸಿಯಲ್ಲಿ ಹೋಮ್ ಇನ್‌ಸ್ಪೆಕ್ಟರ್, ಅಂದರೆ ಕೊಳ್ಳುವ ಮುನ್ನ ಮನೆಯನ್ನು ಪರೀಕ್ಷಿಸಿ ವರದಿ ಕೊಡುವವನು. ಎಡಿಸನ್, ಮೆಟುಚೆನ್, ಹೈಲ್ಯಾಂಡ್ ಪಾರ್ಕ್ ಕಡೆ ಹಳೆಯ ಮನೆ ನೋಡುವ ಕನ್ನಡದ ಕುಟುಂಬಗಳ ಜತೆ ಆಗಾಗ ಹೋಗುತ್ತೇನೆ. ಚಿಮಣಿಯಲ್ಲಿ ದೋಷ ಇದೆ ಎಂದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ನಾವು ಫೈರ್‌ಪ್ಲೇಸ್ ಹಚ್ಚೋದೇ ಇಲ್ಲ ಸರ್, ಬಿಡಿ.” ಆ ಉತ್ತರ ಕೇಳಿ ಕೇಳಿಯೇ ಇದನ್ನು ಬರೆಯಲು ಕೂತಿದ್ದೇನೆ. ಎಷ್ಟೋ ಹಳೆಯ ಮನೆಗಳಲ್ಲಿ ನೆಲಮಾಳಿಗೆಯಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಮತ್ತು ನೀರು ಕಾಯಿಸುವ ಟ್ಯಾಂಕಿನ ಹೊಗೆ ಹೋಗುವುದೂ ಅದೇ ಗೋಪುರದಲ್ಲಿ. ನೀವು ಫೈರ್‌ಪ್ಲೇಸ್ ಹಚ್ಚದೇ ಇದ್ದರೂ ಚಿಮಣಿ ವರ್ಷವಿಡೀ ಕೆಲಸ ಮಾಡುತ್ತಲೇ ಇರುತ್ತದೆ.

ಮೊದಲು, ಒಳಗೆ ಏನಿದೆ

ಕೆಳಗಿನಿಂದ ಮೇಲೆ ಹೋಗೋಣ. ಕಟ್ಟಿಗೆ ಉರಿಯುವ ಗೂಡು ಫೈರ್‌ಬಾಕ್ಸ್. ಅದರ ಮೇಲೆ ತೆರೆದು ಮುಚ್ಚುವ ಲೋಹದ ಬಾಗಿಲು ಡ್ಯಾಂಪರ್. ಅದರಾಚೆ ಲಾಳಿಕೆಯನ್ನು ಬೋರಲು ಹಾಕಿದಂಥ ಜಾಗ, ಸ್ಮೋಕ್ ಚೇಂಬರ್. ಅಲ್ಲಿಂದ ಹೊಗೆ ಮೇಲೇರುವ ದಾರಿಯೇ ಫ್ಲೂ. ಫ್ಲೂ ಒಳಮೈಗೆ ಸುಟ್ಟ ಮಣ್ಣಿನ ಚೌಕದ ಕೊಳವೆಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ. ನಮ್ಮ ಮಂಗಳೂರು ಹೆಂಚು ಇದೆಯಲ್ಲ, ಅದರ ಜಾತಿಯದೇ. ಇದಕ್ಕೆ ಲೈನರ್ ಎನ್ನುತ್ತಾರೆ. ತುದಿಯಲ್ಲಿ ನೀರು ಹರಿದುಹೋಗಲು ಇಳಿಜಾರಾದ ಕಾಂಕ್ರೀಟ್ ಹೊದಿಕೆ, ಅದು ಕ್ರೌನ್. ಮಳೆ ಮತ್ತು ಅಳಿಲು ಒಳಗೆ ಬಾರದಂತೆ ಕ್ಯಾಪ್. ಸೂರು ಮತ್ತು ಇಟ್ಟಿಗೆ ಸೇರುವ ಕಡೆ ನೀರಿಳಿಯದಂತೆ ತಗಡು, ಅದು ಫ್ಲ್ಯಾಶಿಂಗ್.

ಇಷ್ಟರಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಲೈನರ್ ನೆನಪಿಡಿ. ಬೆಂಕಿಯ ಕಾವು ಮನೆಯ ಮರಕ್ಕೆ ತಾಗದಂತೆ ತಡೆಯುವುದು ಅದು. ವಿಷಗಾಳಿ ಕೋಣೆಗೆ ನುಸುಳದಂತೆ ತಡೆಯುವುದೂ ಅದೇ. ಹೊಗೆಯಲ್ಲಿರುವ ಹುಳಿ ನೀರು ಇಟ್ಟಿಗೆಯ ಗಾರೆಯನ್ನು ತಿನ್ನದಂತೆ ಕಾಯುವುದೂ ಅದೇ. ತೀರಾ ಹಳೆಯ ಮನೆಗಳಲ್ಲಿ ಲೈನರ್ ಇರುವುದೇ ಇಲ್ಲ, ಬರೀ ಇಟ್ಟಿಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಹಂತ 1: ಮನೆ ನೋಡಲು ಹೋದ ದಿನ, ರಸ್ತೆಯಲ್ಲೇ ನಿಂತು

ಆಫರ್ ಕೊಡುವ ಮೊದಲೇ ಇಷ್ಟು ನೀವೇ ನೋಡಬಹುದು. ಮನೆಯ ಎರಡು ಬದಿಯಿಂದ ಫೋನ್ ಕ್ಯಾಮೆರಾ ಜೂಮ್ ಮಾಡಿ ಫೋಟೊ ತೆಗೆದುಕೊಳ್ಳಿ.

ಗೋಪುರ ವಾಲಿದೆಯೇ? ಹೊರಗೋಡೆಗೆ ಅಂಟಿಕೊಂಡ ಚಿಮಣಿಯಾದರೆ ಗೋಡೆಗೂ ಇಟ್ಟಿಗೆಗೂ ನಡುವಿನ ಸಂದು ನೋಡಿ. ಕೆಳಗೆ ಕಿರಿದಾಗಿದ್ದು ಮೇಲೆ ಹೋದಂತೆ ಅಗಲವಾಗಿದ್ದರೆ ಚಿಮಣಿ ಮನೆಯಿಂದ ದೂರ ಸರಿಯುತ್ತಿದೆ ಎಂದರ್ಥ. ಆ ಸಂದಿಗೆ ಪದರ ಪದರವಾಗಿ ಸೀಲೆಂಟ್ ತುಂಬಿದ್ದರೆ ಇನ್ನೂ ಎಚ್ಚರ. ಒಮ್ಮೆ ತುಂಬಿದ್ದು ಮತ್ತೆ ಬಾಯಿ ಬಿಟ್ಟಿದೆ, ಮತ್ತೆ ತುಂಬಿದ್ದಾರೆ. ಚಿಮಣಿಯ ಅಡಿಪಾಯವೇ ಕುಸಿಯುತ್ತಿರಬಹುದು.

ಇಟ್ಟಿಗೆಯ ಮುಖ ಪದರ ಕಳಚಿ ಬಿದ್ದಿದೆಯೇ? ಇಲ್ಲಿನ ಚಳಿಗಾಲದ ಕೆಲಸ ಅದು. ಇಟ್ಟಿಗೆ ನೀರು ಕುಡಿಯುತ್ತದೆ, ರಾತ್ರಿ ಅದು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಪ್ರತಿ ಚಳಿಗಾಲವೂ ಇದು ಹತ್ತಾರು ಸಲ ನಡೆದರೆ ಇಟ್ಟಿಗೆ ಒಳಗಿನಿಂದಲೇ ಸಿಡಿಯುತ್ತದೆ. ಬಿಳಿ ಉಪ್ಪಿನ ಕಲೆ ಕಂಡರೂ ಅಷ್ಟೇ, ಒಳಗೆ ತೇವ ಓಡಾಡುತ್ತಿದೆ. ಹಳೆಯ ಮೆತ್ತನೆ ಇಟ್ಟಿಗೆಗೆ ಗಟ್ಟಿ ಸಿಮೆಂಟ್ ಗಾರೆ ಮೆತ್ತಿದ ಮನೆಗಳಲ್ಲಿ ಈ ಹಾಳು ಜಾಸ್ತಿ. ಗಾರೆ ಗಟ್ಟಿಯಾಗಿ ಉಳಿದು ಇಟ್ಟಿಗೆ ಸವೆಯುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಬೇಕು.

ಎತ್ತರವನ್ನೂ ಗಮನಿಸಿ. ಚಿಮಣಿ ಸೂರನ್ನು ದಾಟಿದ ಜಾಗದಿಂದ ಕನಿಷ್ಠ 3 ಅಡಿ ಮೇಲಿರಬೇಕು. 10 ಅಡಿ ಒಳಗೆ ಮನೆಯ ಯಾವ ಭಾಗವಿದ್ದರೂ ಅದಕ್ಕಿಂತ 2 ಅಡಿ ಎತ್ತರವಿರಬೇಕು. ಆಮೇಲೆ ಮಹಡಿ ಎತ್ತರಿಸಿದ ಮನೆಗಳಲ್ಲಿ ಈ ಲೆಕ್ಕ ತಪ್ಪಿರುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಆಗ ಗಾಳಿ ತಿರುಗಿದಾಗೆಲ್ಲ ಹೊಗೆ ವಾಪಸ್ ಬರುತ್ತದೆ.

ಇನ್ನೊಂದು ಮಾತು. 2024ರ ಏಪ್ರಿಲ್ 5ರಂದು ನ್ಯೂಜೆರ್ಸಿಯ ವೈಟ್‌ಹೌಸ್ ಸ್ಟೇಷನ್ ಹತ್ತಿರ 4.8 ತೀವ್ರತೆಯ ಭೂಕಂಪ ಆಯಿತು. ನಮ್ಮಲ್ಲಿ ಬಹಳ ಜನ ಅದನ್ನು ಮರೆತಿದ್ದಾರೆ. ಆ ಸುತ್ತಿನ ಮನೆಯಾದರೆ ಅದಾದ ಮೇಲೆ ಚಿಮಣಿ ಪರೀಕ್ಷೆ ಮಾಡಿಸಿದ್ದೀರಾ ಎಂದು ಮಾರುವವರನ್ನು ಕೇಳಿ. ಸಿಯಾಟಲ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಮುಖ್ಯ. 1989ರ ಲೋಮಾ ಪ್ರಿಯೆಟಾ ಮತ್ತು 2001ರ ನಿಸ್ಕ್ವಾಲಿ ಭೂಕಂಪಗಳಲ್ಲಿ ಕಂಬಿ ಇಲ್ಲದ ಇಟ್ಟಿಗೆ ಚಿಮಣಿಗಳು ಬಹಳಷ್ಟು ಉರುಳಿದವು. ಅಲ್ಲಿ ಚಿಮಣಿ ಕೆಳಗೆ ಮಗುವಿನ ಮಂಚ ಹಾಕುವ ಕೋಣೆ ಇದೆಯೇ ಎಂದು ನೋಡುವುದು ಅತಿಯಾದ ಭಯವಲ್ಲ.

ಹಂತ 2: ಇನ್‌ಸ್ಪೆಕ್ಷನ್ ದಿನ ಜತೆಗೇ ನಡೆಯಿರಿ

ವರದಿ ಇಮೇಲ್‌ನಲ್ಲಿ ಬರುತ್ತದಲ್ಲ ಎಂದು ಬಿಡಬೇಡಿ. ರಜೆ ಹಾಕಿ ಬನ್ನಿ. ಮೂರು ಜಾಗದಲ್ಲಿ ಇನ್‌ಸ್ಪೆಕ್ಟರ್ ಪಕ್ಕ ನಿಂತರೆ ಸಾಕು.

ಒಂದು, ನೆಲಮಾಳಿಗೆ. ಬಾಯ್ಲರ್ ಮತ್ತು ನೀರಿನ ಟ್ಯಾಂಕಿನ ಹೊಗೆ ಕೊಳವೆ ಎಲ್ಲಿಗೆ ಹೋಗುತ್ತಿದೆ ನೋಡಿ. ಇಲ್ಲಿ ಒಂದು ದೋಷ ಇದೆ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮೊದಲು ಬಾಯ್ಲರ್ ಅಥವಾ ಫರ್ನೇಸ್ (ಗಾಳಿ ಕಾಯಿಸಿ ಮನೆ ಬೆಚ್ಚಗಿಡುವ ಯಂತ್ರ) ಮತ್ತು ನೀರಿನ ಟ್ಯಾಂಕ್ ಎರಡೂ ಒಂದೇ ಫ್ಲೂ ಸೇರುತ್ತಿದ್ದವು. ನಂತರ ಮನೆಯವರು ಹೊಸ, ಕಡಿಮೆ ಗ್ಯಾಸ್ ಕುಡಿಯುವ ಫರ್ನೇಸ್ ಹಾಕಿಸಿದರು. ಅದರ ಹೊಗೆ ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆಯಿಂದ ನೇರ ಹೊರಗೆ ಹೋಯಿತು. ಆ ದೊಡ್ಡ ಫ್ಲೂನಲ್ಲಿ ಈಗ ಉಳಿದಿರುವುದು ಸಣ್ಣ ನೀರಿನ ಟ್ಯಾಂಕ್ ಮಾತ್ರ. ಇಲ್ಲಿನವರು ಇದನ್ನು ಅನಾಥ ಟ್ಯಾಂಕ್ ಎನ್ನುತ್ತಾರೆ. ಅಷ್ಟು ದೊಡ್ಡ ತಣ್ಣನೆ ಗೋಪುರವನ್ನು ಬಿಸಿ ಮಾಡುವಷ್ಟು ಕಾವು ಅದಕ್ಕಿಲ್ಲ. ಹೊಗೆ ಮೇಲೇರದೆ ನಿಲ್ಲುತ್ತದೆ. ಗ್ಯಾಸ್ ಉರಿದಾಗ ಹುಟ್ಟುವ ನೀರಾವಿ ಒಳಗೇ ತಣ್ಣಗಾಗಿ ಹನಿಯಾಗಿ ಗಾರೆಯನ್ನು ತಿನ್ನುತ್ತದೆ. ಕೆಲವೊಮ್ಮೆ ಹೊಗೆ ಮನೆಯೊಳಕ್ಕೇ ತಿರುಗುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಇದರ ಗುರುತು ನೀವೇ ಹಿಡಿಯಬಹುದು. ಟ್ಯಾಂಕಿನ ತಲೆಯ ಮೇಲೆ ನೀರಿನ ಪೈಪುಗಳ ಸುತ್ತ ಸಣ್ಣ ಪ್ಲಾಸ್ಟಿಕ್ ಬಳೆಗಳಿರುತ್ತವೆ. ಅವು ಕರಗಿದ್ದರೆ ಬಿಸಿ ಹೊಗೆ ಕೆಳಕ್ಕೆ ಉಗುಳಿದೆ. ತಲೆಯ ಮೇಲೆ ತುಕ್ಕು ಇದ್ದರೂ ಅನುಮಾನ ಪಡಿ.

ಎರಡು, ಫೈರ್‌ಪ್ಲೇಸ್. ಡ್ಯಾಂಪರ್ ತೆರೆಸಿ, ಟಾರ್ಚ್ ಹಾಕಿ ಮೇಲೆ ನೋಡಿ. ಕಟ್ಟಿಗೆ ಹೊಗೆ ಬಿಟ್ಟುಹೋಗುವ ಜಿಡ್ಡಿಗೆ ಕ್ರಿಯೊಸೋಟ್ ಎನ್ನುತ್ತಾರೆ. ಪುಡಿ ಮಸಿಯಾದರೆ ಬ್ರಷ್‌ನಲ್ಲಿ ಹೋಗುತ್ತದೆ. ಡಾಂಬರು ಬಳಿದಂತೆ ಹೊಳೆಯುತ್ತಿದ್ದರೆ ಸುಲಭಕ್ಕೆ ಹೋಗದು, ಅದು ಇಂಧನವೇ. ಜೇನುಗೂಡಿನಂತೆ ಉಬ್ಬಿದ್ದರೆ ಅಲ್ಲಿ ಈಗಾಗಲೇ ಒಮ್ಮೆ ಬೆಂಕಿ ಬಿದ್ದಿದೆ. ಚಿಮಣಿ ಬೆಂಕಿಯ ಕಾವು ಸುಮಾರು 2,000 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬಹುದು, ಎಂದರೆ 1,100 ಡಿಗ್ರಿ ಸೆಲ್ಸಿಯಸ್ ಹತ್ತಿರ. ಎಷ್ಟೋ ಸಲ ಮನೆಯವರಿಗೆ ಗೊತ್ತೇ ಆಗದೆ ಉರಿದು ಆರಿಹೋಗಿರುತ್ತದೆ. ಲೈನರ್ ಮಾತ್ರ ಬಿರಿದಿರುತ್ತದೆ. ಸೊಟ್ಟಗಾದ ಡ್ಯಾಂಪರ್ ಕೂಡ ಅದೇ ಕಥೆ ಹೇಳುತ್ತದೆ.

ಮೂರು, ಅಟ್ಟ. ನನ್ನ ಅನುಭವದಲ್ಲಿ ಅತಿ ಅಪಾಯದ ದೋಷಗಳು ಸಿಗುವುದು ಇಲ್ಲೇ. ಮನೆಯ ಒಳಗೆ ಹಾದುಹೋಗುವ ಇಟ್ಟಿಗೆ ಚಿಮಣಿಗೂ ಮರದ ತೊಲೆಗೂ 2 ಇಂಚು ಖಾಲಿ ಜಾಗ ಇರಬೇಕು. ಹೊರಗೋಡೆಯ ಚಿಮಣಿಗಾದರೆ 1 ಇಂಚು. ಹಳೆಯ ಮನೆಗಳಲ್ಲಿ ತೊಲೆ ಇಟ್ಟಿಗೆಗೆ ಒತ್ತಿಕೊಂಡೇ ಇರುತ್ತದೆ. ಮರ ವರ್ಷಗಟ್ಟಲೆ ಕಾದು ಕಾದು ಒಳಗೇ ಸುಟ್ಟ ಇದ್ದಿಲಿನಂತಾಗುತ್ತದೆ. ಅಂಥ ಮರಕ್ಕೆ ಬೆಂಕಿ ಹತ್ತಲು ಹೊಸ ಮರಕ್ಕೆ ಬೇಕಾದಷ್ಟು ಕಾವು ಬೇಕಿಲ್ಲ. ಒಮ್ಮೆ 1920ರ ದಶಕದ ಒಂದು ಮನೆಯ ಅಟ್ಟದಲ್ಲಿ ಇಟ್ಟಿಗೆಯ ಪಕ್ಕದ ತೊಲೆಯನ್ನು ಸ್ಕ್ರೂಡ್ರೈವರ್‌ನಿಂದ ಮುಟ್ಟಿದೆ. ಕರಿ ಪುಡಿ ಉದುರಿತು. ಇಟ್ಟಿಗೆಯ ಸಂದಿನಿಂದ ಮಸಿ ಹೊರಗೆ ಚೆಲ್ಲಿತ್ತು. ಕೆಳಗೆ ಆ ಮನೆಯವರು ಪ್ರತಿ ಕ್ರಿಸ್ಮಸ್‌ಗೂ ಬೆಂಕಿ ಹಾಕುತ್ತಿದ್ದರಂತೆ. ಕೊಳ್ಳಲು ಬಂದಿದ್ದ ಹುಡುಗ ಹುಡುಗಿ ಇಬ್ಬರನ್ನೂ ಏಣಿ ಹತ್ತಿಸಿ ಅದನ್ನು ತೋರಿಸಿದೆ. ಆಮೇಲೆ ನಾನು ಏನೂ ವಿವರಿಸಬೇಕಾಗಲಿಲ್ಲ.

ಅಟ್ಟದಲ್ಲಿ ಇನ್ನೊಂದು ನೋಡಿ. ಕೆಳಗಿನ ಕೋಣೆ ದೊಡ್ಡದು ಮಾಡಲು ಕೆಲವರು ಚಿಮಣಿಯ ಕೆಳಭಾಗ ಒಡೆದು, ಮೇಲಿನದನ್ನು ಹಾಗೇ ಬಿಟ್ಟಿರುತ್ತಾರೆ. ಅಷ್ಟು ಇಟ್ಟಿಗೆ ಎರಡು ಮರದ ತುಂಡಿನ ಮೇಲೆ ನಿಂತಿರುತ್ತದೆ.

1980ರ ದಶಕದ ಟೌನ್‌ಹೌಸ್ ಆದರೆ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಇಟ್ಟಿಗೆ ಇರುವುದಿಲ್ಲ, ಕಾರ್ಖಾನೆಯಲ್ಲಿ ಮಾಡಿದ ಲೋಹದ ಪೆಟ್ಟಿಗೆ ಮತ್ತು ಲೋಹದ ಪೈಪ್. ಒಳಗೆ ಅಂಟಿಸಿದ ತಗಡಿನಲ್ಲಿ ಮಾಡೆಲ್ ನಂಬರ್ ಇರುತ್ತದೆ, ಫೋಟೊ ತೆಗೆಯಿರಿ. ಒಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದರ ಪೈಪ್ ಹಾಕುವಂತಿಲ್ಲ. ಕಂಪನಿಯೇ ಮುಚ್ಚಿಹೋಗಿದ್ದರೆ ಬಿಡಿಭಾಗ ಸಿಗುವುದಿಲ್ಲ, ಪೂರ್ತಿ ಬದಲಿಸಬೇಕಾಗಬಹುದು.

ಹಂತ 3: ವರದಿಯ ಆ ಒಂದು ಸಾಲು

“ಅರ್ಹ ಚಿಮಣಿ ತಜ್ಞರಿಂದ ಹೆಚ್ಚಿನ ಪರಿಶೀಲನೆ ಮಾಡಿಸಿ.” ಈ ಸಾಲು ಸುಮ್ನೆ ಬರೆಯುವ ಮಾತು ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ನಮ್ಮ ಕೆಲಸದ ನಿಯಮದಲ್ಲಿ ಕಣ್ಣಿಗೆ ಸುಲಭವಾಗಿ ಕಾಣುವುದನ್ನು ಮಾತ್ರ ನೋಡುತ್ತೇವೆ. ಫ್ಲೂ ಒಳಗೆ ಕ್ಯಾಮೆರಾ ಇಳಿಸುವುದು ಹೋಮ್ ಇನ್‌ಸ್ಪೆಕ್ಷನ್‌ನ ಭಾಗವಲ್ಲ. ಹಾಗಾಗಿ ಆ ಸಾಲಿನ ಅರ್ಥ ಇಷ್ಟು: ನನಗೆ ಕಂಡಷ್ಟರಲ್ಲೇ ತೊಂದರೆ ಇದೆ, ಕಾಣದ ಭಾಗ ಇನ್ನೂ ದೊಡ್ಡದಿದೆ.

ವರದಿ ಬಂದ ಸಂಜೆಯೇ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಈ ಮನೆ ನಿಮ್ಮ ತಂಗಿ ಕೊಳ್ಳುತ್ತಿದ್ದರೆ ಏನು ಹೇಳುತ್ತಿದ್ದಿರಿ? ಈ ಚಿಮಣಿಗೆ ಏನೇನು ಜೋಡಿಸಿದೆ? ಇನ್‌ಸ್ಪೆಕ್ಟರ್ ಕೆಲಸ ಮಾಡುವವರಿಗೂ ಒಂದು ಮಾತು: ದೋಷದ ಫೋಟೊ, ಅದರಿಂದ ಆಗಬಹುದಾದ ಅನಾಹುತ, ಮನೆ ಕೈ ಬದಲಾಗುವ ಮೊದಲು ತಜ್ಞರ ಪರಿಶೀಲನೆ ಮಾಡಿಸಬೇಕು ಎಂಬ ಸ್ಪಷ್ಟ ಮಾತು, ಈ ಮೂರೂ ವರದಿಯಲ್ಲಿ ಒಟ್ಟಿಗೇ ಇರಲಿ. 60 ಪುಟದ ವರದಿಯಲ್ಲಿ 43ನೇ ಪುಟದ ಮೂಲೆಗೆ ಅದನ್ನು ತಳ್ಳಬೇಡಿ.

ಹಂತ 4: ಲೆವೆಲ್ 2 ಪರೀಕ್ಷೆ, ಗಡುವಿನ ಒಳಗೆ

ಚಿಮಣಿಗಳಿಗೆ ಅಮೆರಿಕದಲ್ಲಿ ಎನ್‌ಎಫ್‌ಪಿಎ ಎಂಬ ಅಗ್ನಿ ಸುರಕ್ಷತಾ ಸಂಸ್ಥೆ ರೂಪಿಸಿದ ಎನ್‌ಎಫ್‌ಪಿಎ 211 ಎಂಬ ಮಾನದಂಡ ಇದೆ. ಅದರಲ್ಲಿ ಮೂರು ಮಟ್ಟದ ಪರೀಕ್ಷೆ. ಲೆವೆಲ್ 1 ಪ್ರತಿ ವರ್ಷದ ಸಾಮಾನ್ಯ ನೋಟ. ಲೆವೆಲ್ 2ರಲ್ಲಿ ಫ್ಲೂ ಒಳಗೆ ಕ್ಯಾಮೆರಾ ಇಳಿಸುತ್ತಾರೆ, ಅಟ್ಟ ಮತ್ತು ನೆಲಮಾಳಿಗೆಯನ್ನೂ ನೋಡುತ್ತಾರೆ. ಲೆವೆಲ್ 3ರಲ್ಲಿ ಗೋಡೆ ಅಥವಾ ಇಟ್ಟಿಗೆ ಒಡೆದು ನೋಡುವುದು. ಮನೆ ಕೈ ಬದಲಾಗುವಾಗ ಲೆವೆಲ್ 2 ಆಗಬೇಕು ಎಂದು ಅದೇ ಮಾನದಂಡ ಹೇಳುತ್ತದೆ. ಚಿಮಣಿ ಬೆಂಕಿ ಅಥವಾ ಭೂಕಂಪದಿಂದ ಹಾನಿ ಆಗಿರಬಹುದಾದರೂ ಅದೇ. ಅಂದರೆ ನೀವು ಲೆವೆಲ್ 2 ಕೇಳುವುದು ಅತಿಯಾಸೆಯಲ್ಲ, ಕೇಳಲೇಬೇಕಾದದ್ದು.

ಪರೀಕ್ಷೆ ಮಾಡಿಸಿ ದೋಷ ತಿಳಿಸಲು ಒಪ್ಪಂದದಲ್ಲಿ ಇರುವ ಗಡುವು ಬಹಳ ಬೇಗ ಮುಗಿಯುತ್ತದೆ. ನ್ಯೂಜೆರ್ಸಿಯಲ್ಲಿ ಏಜೆಂಟರು ಬರೆದ ಒಪ್ಪಂದಕ್ಕೆ ಸಹಿಯಾದ ಮೇಲೆ 3 ಕೆಲಸದ ದಿನ ವಕೀಲರ ಪರಿಶೀಲನೆಗೆ ಇರುತ್ತದೆ. ಇನ್‌ಸ್ಪೆಕ್ಷನ್‌ಗೆ ಎಷ್ಟು ದಿನ ಎಂದು ಒಪ್ಪಂದದಲ್ಲೇ ಬರೆದಿರುತ್ತದೆ, ಓದಿ. ಚಿಮಣಿ ತಜ್ಞರು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಸಿಗುವುದೇ ಕಷ್ಟ. ಅದಕ್ಕೆ ನನ್ನ ಸಲಹೆ: ಮನೆ 40 ವರ್ಷ ದಾಟಿದ್ದರೆ ಹೋಮ್ ಇನ್‌ಸ್ಪೆಕ್ಷನ್ ಗೊತ್ತುಮಾಡುವ ದಿನವೇ ಲೆವೆಲ್ 2ಕ್ಕೂ ದಿನ ಹಿಡಿಯಿರಿ. ತಡವಾದರೆ ವಕೀಲರ ಮೂಲಕ ಬರವಣಿಗೆಯಲ್ಲಿ ಗಡುವು ಮುಂದೂಡಿಸಿ. ಏಜೆಂಟ್ ಬಾಯಿಮಾತಿನಲ್ಲಿ “ಪರವಾಗಿಲ್ಲ” ಎಂದರೆ ಸಾಲದು.

ಯಾರನ್ನು ಕರೆಯಬೇಕು? ಚಿಮ್ನಿ ಸೇಫ್ಟಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ, ಅಂದರೆ ಸಿಎಸ್‌ಐಎ, ಪ್ರಮಾಣಪತ್ರ ಕೊಡುತ್ತದೆ. ಅದು ಇದ್ದವರನ್ನು ಹುಡುಕಿ. ತೀರಾ ಕಡಿಮೆ ಬೆಲೆಗೆ ಚಿಮಣಿ ಗುಡಿಸುತ್ತೇವೆ ಎಂದು ತಾವಾಗಿಯೇ ಫೋನ್ ಮಾಡುವವರು ಬೇಡ. ಬಂದ ಮೇಲೆ ಹೆದರಿಸಿ ಸಾವಿರಾರು ಡಾಲರಿನ ಕೆಲಸ ಹೇಳುವುದು ಅಲ್ಲಿ ನಡೆಯುತ್ತದೆ.

ಪ್ರತಿ ಫ್ಲೂವಿನ ವಿಡಿಯೊ ಬೇಕು ಎಂದು ಮೊದಲೇ ಹೇಳಿ. ಬಿರುಕು ತುದಿಯಿಂದ ಎಷ್ಟು ಅಡಿ ಕೆಳಗಿದೆ ಎಂದು ಬರೆದುಕೊಡಬೇಕು. ಪರೀಕ್ಷೆ ಮಾಡಿದವರೇ ರಿಪೇರಿ ಕೂಡ ಮಾಡುವವರಾಗಿರುವುದರಿಂದ ವಿಡಿಯೊ ನಿಮ್ಮ ಕೈಯಲ್ಲಿರುವುದು ಮುಖ್ಯ. ಅದನ್ನೇ ಇನ್ನೊಬ್ಬರಿಗೆ ತೋರಿಸಿ ಎರಡನೆಯ ಅಂದಾಜು ಪಡೆಯಬಹುದು.

ಇದೇ ವಾರ ಟೌನ್ ಕಚೇರಿಯಿಂದ ಹಳೆಯ ಪರ್ಮಿಟ್‌ಗಳನ್ನೂ ಕೇಳಿ. ನ್ಯೂಜೆರ್ಸಿಯಲ್ಲಿ ಓಪ್ರಾ ಎಂಬ ಸಾರ್ವಜನಿಕ ದಾಖಲೆ ಕಾನೂನಿನಡಿ ಯಾರು ಬೇಕಾದರೂ ಅರ್ಜಿ ಹಾಕಬಹುದು, ನಮ್ಮ ಮಾಹಿತಿ ಹಕ್ಕಿನ ಅರ್ಜಿಯಂತೆ. ಬಾಯ್ಲರ್ ಬದಲಿಸಿದಾಗ ಪರ್ಮಿಟ್ ತೆಗೆದಿದ್ದರೆ ಚಿಮಣಿ ಸರಿಯಿದೆ ಎಂಬ ದೃಢೀಕರಣವೂ ಅದರ ಜತೆ ಇರಬೇಕು.

ಹಂತ 5: ದೊಡ್ಡದು ಯಾವುದು, ಸಣ್ಣದು ಯಾವುದು

ಎಲ್ಲ ದೋಷಕ್ಕೂ ಮನೆ ಬಿಡಬೇಕಾಗಿಲ್ಲ. ಕ್ಯಾಪ್ ಇಲ್ಲದಿರುವುದು, ಕ್ರೌನ್ ಮೇಲೆ ಕೂದಲೆಳೆ ಬಿರುಕು, ಅಲ್ಲಲ್ಲಿ ಗಾರೆ ಉದುರಿರುವುದು, ಪುಡಿ ಮಸಿ: ಇವು ಮನೆ ನಿರ್ವಹಣೆಯ ಕೆಲಸ. ನೀವೇ ಮಾಡಿಸಿಕೊಳ್ಳಿ. ಇವಕ್ಕಾಗಿ ಮಾರುವವರ ಜತೆ ಜಗ್ಗಾಡಿದರೆ ದೊಡ್ಡದನ್ನು ಕೇಳುವಾಗ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಲೈನರ್ ಬಿರಿದಿರುವುದು ಅಥವಾ ಇಲ್ಲದಿರುವುದು ದೊಡ್ಡದು. ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಇಳಿಸುತ್ತಾರೆ, ಪ್ರತಿ ಫ್ಲೂಗೂ ಕೆಲವು ಸಾವಿರ ಡಾಲರ್. ಕಟ್ಟಿಗೆಗೆ, ಎಣ್ಣೆಗೆ, ಗ್ಯಾಸ್‌ಗೆ ಬೇರೆ ಬೇರೆ ಲೋಹ ಮತ್ತು ಅಳತೆ, ಆದ್ದರಿಂದ ಅಂದಾಜಿನಲ್ಲಿ ಅದು ಬರೆದಿರಲಿ. ಸೂರಿನ ಮೇಲಿನ ಭಾಗ ಬಿಚ್ಚಿ ಕಟ್ಟುವುದು ಇನ್ನೂ ದುಬಾರಿ. ವಾಲಿದ ಚಿಮಣಿಯನ್ನು ಅಡಿಪಾಯದಿಂದ ಕಟ್ಟಬೇಕಾದರೆ 10,000 ಡಾಲರ್ ದಾಟುವುದು ಸುಲಭ. ಅಂಥದ್ದಕ್ಕೆ ಚಿಮಣಿಯವರ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು.

ಹೊಗೆ ಒಳಗೆ ತಿರುಗುತ್ತಿದ್ದರೆ ಅದು ಯಾವ ಪಟ್ಟಿಗೂ ಕಾಯುವಂಥದ್ದಲ್ಲ. ಈಗ ಆ ಮನೆಯಲ್ಲಿ ಇರುವವರಿಗೂ ಅದೇ ದಿನ ತಿಳಿಸಬೇಕು.

ಹಂತ 6: ಕೇಳುವುದು ಹೇಗೆ

ನಿಮ್ಮ ಮುಂದೆ ನಾಲ್ಕು ದಾರಿ: ಮಾರುವವರು ರಿಪೇರಿ ಮಾಡಿಸಿ ಕೊಡುವುದು, ಕ್ಲೋಸಿಂಗ್‌ನಲ್ಲಿ (ಹಣ ಕೊಟ್ಟು ಮನೆ ನಿಮ್ಮ ಹೆಸರಿಗೆ ಆಗುವ ದಿನ) ಕ್ರೆಡಿಟ್ (ರಿಪೇರಿಯ ಮೊತ್ತವನ್ನು ನೀವು ಕೊಡಬೇಕಾದ ಹಣದಲ್ಲಿ ಬಿಡುವುದು), ಬೆಲೆ ಇಳಿಸುವುದು, ಅಥವಾ ಮನೆ ಬಿಡುವುದು. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಬಿಟ್ಟುಹೋಗುವವರು ರಿಪೇರಿಗೆ ಅತಿ ಅಗ್ಗದವರನ್ನು ಕರೆಯುವುದು ಸಹಜ, ಅಲ್ವಾ? ಕ್ರೆಡಿಟ್ ತೆಗೆದುಕೊಂಡರೆ ಕೆಲಸ ನಿಮ್ಮ ಕಣ್ಣೆದುರು ನಡೆಯುತ್ತದೆ. ಆದರೆ ಸಾಲದ ಬಗೆ ನೋಡಿ ಕ್ರೆಡಿಟ್‌ಗೆ ಮಿತಿ ಇರುತ್ತದೆ, ಬ್ಯಾಂಕಿನವರನ್ನು ಮೊದಲು ಕೇಳಿ. ಬೀಳುವಂಥ ಚಿಮಣಿಯಾದರೆ ಮಾತ್ರ ಕ್ಲೋಸಿಂಗ್ ಮೊದಲೇ ಸರಿಯಾಗಲಿ, ಪರ್ಮಿಟ್ ಸಮೇತ.

ವಕೀಲರಿಗೆ ಬರೆಯುವ ಪತ್ರದಲ್ಲಿ ಸಿಟ್ಟು ಬೇಡ. ಇಷ್ಟು ಸಾಕು: “ಇಂಥ ದಿನಾಂಕದ ಲೆವೆಲ್ 2 ವರದಿ ಪ್ರಕಾರ ಫೈರ್‌ಪ್ಲೇಸ್ ಫ್ಲೂನಲ್ಲಿ ತುದಿಯಿಂದ 6 ಅಡಿ ಕೆಳಗೆ ಮೂರು ಲೈನರ್ ತುಂಡು ಬಿರಿದಿವೆ. ಎರಡು ಅಂದಾಜು ಲಗತ್ತಿಸಿದ್ದೇವೆ. ಸರಾಸರಿ ಮೊತ್ತವನ್ನು ಕ್ಲೋಸಿಂಗ್‌ನಲ್ಲಿ ಕ್ರೆಡಿಟ್ ಆಗಿ ಕೇಳುತ್ತಿದ್ದೇವೆ.” ವರದಿ, ಫೋಟೊ, ಅಂದಾಜು ಮೂರೂ ಜತೆಗಿರಲಿ.

“ಅಷ್ಟು ವರ್ಷದಿಂದ ಏನೂ ಆಗಿಲ್ಲ” ಎಂದು ಎದುರಿನವರು ಹೇಳುತ್ತಾರೆ. ವಾದಕ್ಕೆ ಇಳಿಯಬೇಡಿ, ವಿಡಿಯೊ ಕಳಿಸಿ. ಇನ್ಶೂರೆನ್ಸ್ ನೋಡಿಕೊಳ್ಳುತ್ತದೆ ಎಂದೂ ನಂಬಬೇಡಿ. ಸಾಮಾನ್ಯ ಮನೆ ಪಾಲಿಸಿ ಹಠಾತ್ ಅನಾಹುತಕ್ಕೆ, ಸವೆತಕ್ಕಲ್ಲ.

ಹಂತ 7: ಬೀಗದ ಕೈ ಸಿಕ್ಕ ಮೇಲೆ, ಗೃಹಪ್ರವೇಶಕ್ಕೆ ಮೊದಲು

ಇದನ್ನು ನಮ್ಮವರಿಗೆಂದೇ ಬರೆಯುತ್ತಿದ್ದೇನೆ. ಹೋಮದ ಹೊಗೆ ಹೊರಹೋಗಲಿ ಎಂದು ಫೈರ್‌ಪ್ಲೇಸ್ ಒಳಗೇ ಹೋಮಕುಂಡ ಇಡುವುದುಂಟು. ಲೈನರ್ ಸರಿಯಾಗುವವರೆಗೆ ದಯವಿಟ್ಟು ಬೇಡ. ತುಪ್ಪ ಬಿದ್ದ ಉರಿ ಎತ್ತರಕ್ಕೆ ಏಳುತ್ತದೆ.

ಹಾಲ್‌ನಲ್ಲಿ ಮಾಡುವಾಗಲೂ ಒಂದು ಎಚ್ಚರ. ಹೊಗೆ ಜಾಸ್ತಿಯಾಯಿತೆಂದು ಅಡುಗೆಮನೆಯ ಎಕ್ಸಾಸ್ಟ್ ಜೋರಾಗಿ ಹಾಕಿ, ಚಳಿಯೆಂದು ಕಿಟಕಿ ಮುಚ್ಚುತ್ತೇವೆ. ಆಗ ಮನೆ ಒಳಗಿನ ಗಾಳಿ ಹೊರಹೋಗಿ, ಬದಲಿ ಗಾಳಿ ಚಿಮಣಿಯಿಂದ ಕೆಳಕ್ಕೆ ಇಳಿಯುತ್ತದೆ. ನೀರಿನ ಟ್ಯಾಂಕಿನ ಹೊಗೆಯನ್ನೂ ಜತೆಗೆ ತರುತ್ತದೆ. ಮನೆ ತುಂಬ ನೆಂಟರು, ಮಕ್ಕಳು. ಎಕ್ಸಾಸ್ಟ್ ಹಾಕಿದಾಗ ಒಂದು ಕಿಟಕಿ ತೆರೆದಿಡಿ. ಹೋಮದ ಹೊಗೆಗೆ ಅಲಾರಂ ಕೂಗುತ್ತದೆಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಬ್ಯಾಟರಿ ತೆಗೆಯಬೇಡಿ. ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹೊರಗೂ ಅದು ಇರಲಿ.

ಹೊಸ ಲೈನರ್ ಹಾಕಿಸಿದರೆ ಅದರ ವಾರಂಟಿ ನಿಮ್ಮ ಹೆಸರಿಗೆ ನೋಂದಾಯಿಸಿ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದ ರಸೀದಿ ಇಲ್ಲದಿದ್ದರೆ ಅದು ನಡೆಯದಿರಬಹುದು. ರಸೀದಿ, ವಿಡಿಯೊ, ಪರ್ಮಿಟ್ ಎಲ್ಲ ಒಂದೇ ಫೋಲ್ಡರ್‌ನಲ್ಲಿಡಿ. ಮುಂದೆ ನೀವು ಮನೆ ಮಾರುವಾಗ ಕೊಳ್ಳುವವರ ಇನ್‌ಸ್ಪೆಕ್ಟರ್ ಅದನ್ನೇ ಕೇಳುತ್ತಾರೆ.